ಚನಮಲ್ಲಪ್ಪನ ಬಾವಿ ಮತ್ತು ಹದಿನೆಂಟು ಹಗ್ಗ

ಬನಹಟ್ಟಿಯ ಪದವಿ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಗಿರಿಮಲ್ಲಪ್ಪನವರನ್ನು ಊರು ವರ್ಷಕ್ಕೊಮ್ಮೆ, ಜೂನ್ ಐದಕ್ಕೆ, ತಪ್ಪದೆ ನೆನೆಯುತ್ತದೆ. ಅವತ್ತು ಪರಿಸರ ದಿನ. ಪರಿಸರ ಎಂಬ ಶಬ್ದವನ್ನು ವಿಸಿಟಿಂಗ್ ಕಾರ್ಡಿನ ಮೇಲೆ ಅಚ್ಚು ಹಾಕಿಸಿಕೊಂಡವರು ಈ ಸುತ್ತಿನಲ್ಲಿ ಅವರೊಬ್ಬರೇ ಆದ್ದರಿಂದ ಸಸಿ ನೆಡುವುದಕ್ಕೆ ಅವರೇ ಆಗಬೇಕು. ಒಂಬತ್ತು ವರ್ಷಗಳಲ್ಲಿ ಅವರು ಕಾಲೇಜಿನ ಗೇಟಿನ ಎಡಕ್ಕೆ ಒಂದೇ ತಗ್ಗಿನಲ್ಲಿ ಒಂಬತ್ತು ಸಸಿ ನೆಟ್ಟಿದ್ದಾರೆ. ತಗ್ಗು ಚೆನ್ನಾಗಿ ಬೆಳೆದಿದೆ.

ಪ್ರತಿ ಸಲವೂ ಅವರು ಮೈಕಿನ ಮುಂದೆ ನಿಂತು ತಮ್ಮದು ಸಸಿ ನೆಡುವ ಶಾಸ್ತ್ರವಲ್ಲ ಎಂದು ವಿವರಿಸುತ್ತಾರೆ. ನೆಲ ನೀರು ಕೆಟ್ಟದ್ದು ಯಾವಾಗ, ಅದರಿಂದ ಲಾಭ ಯಾರಿಗಾಯಿತು, ಬೈಗುಳ ಯಾರ ಪಾಲಿಗೆ ಬಂತು ಎಂದು ಹುಡುಕುವುದು ತಮ್ಮ ಕೆಲಸ ಎನ್ನುತ್ತಾರೆ. ಜನ ಚಪ್ಪಾಳೆ ತಟ್ಟಿ ಕೈಗೆ ಸಸಿ ಕೊಡುತ್ತಾರೆ.

ಅವರಿಗೀಗ ಐವತ್ತೇಳು. ಹುಟ್ಟಿದ್ದು ರಬಕವಿಯ ನೇಕಾರರ ಮನೆಯಲ್ಲಿ, ಎಂ.ಎ. ಓದಿದ್ದು ಧಾರವಾಡದಲ್ಲಿ. ಜೊತೆಗೆ ಓದಿದವರೆಲ್ಲ ಒಂದೊಂದು ರಾಜಮನೆತನ ಹಿಡಿದು ಮೂರು ನಾಲ್ಕು ವರ್ಷಗಳಲ್ಲಿ ಡಾಕ್ಟರ್ ಆಗಿಬಿಟ್ಟರು. ಗಿರಿಮಲ್ಲಪ್ಪನವರು ಹಿಡಿದದ್ದು ಸವಳು. ಕಾಲುವೆಯ ನೀರನ್ನು ಅಳತೆ ಮೀರಿ ಕುಡಿದ ಹೊಲದಲ್ಲಿ ಉಪ್ಪು ಮೇಲೆದ್ದು, ಮಣ್ಣು ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತದಲ್ಲ, ಅದು. ರಾಜರು ಸತ್ತು ಮಲಗಿದ್ದಾರೆ, ಎಷ್ಟು ಹೊತ್ತಿಗೆ ಬೇಕಾದರೂ ಹೋಗಿ ಮಾತಾಡಿಸಬಹುದು. ಸವಳು ಇನ್ನೂ ನಡೆಯುತ್ತಿದೆ, ಅದರ ಹಿಂದೆ ಓಡಬೇಕು. ಹಾಗಾಗಿ ಅವರ ಪಿಎಚ್.ಡಿ.ಗೆ ಹದಿನಾಲ್ಕು ವರ್ಷ ತುಂಬಿತ್ತು. ಹುಡುಗರು ಬೆನ್ನ ಹಿಂದೆ ‘ಸವಳು ಸರ್’ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು, ಒಳಗೊಳಗೆ ಹಿತವಾಗಿಯೂ ಇತ್ತು.

ಅವರು ಓಡಾಡಿದ್ದಂತೂ ಸುಳ್ಳಲ್ಲ. ರವಿವಾರ ಬಂತೆಂದರೆ ಬಗಲಿಗೊಂದು ಚೀಲ. ಸಮೀರವಾಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬೈಕು ಹೊಡೆದುಕೊಂಡು, ಲೋಕಾಪುರದಲ್ಲಿ ಚಹಾ ಕುಡಿದು, ಸಿಕ್ಕ ಊರು ಹೊಕ್ಕು ಕೇಳುವುದು. ರನ್ನ ಬೆಳಗಲಿಯ ಒಬ್ಬ ರೈತರು ಹೊಲದ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿ, “ಈ ತುದಿ ಇನ್ನೊಂದೆರಡ ಬೆಳಿ ತಡೀತೈತ್ರಿ, ಆ ತುದಿ ಮುಗೀತು” ಎಂದರು. ಗಿರಿಮಲ್ಲಪ್ಪನವರೂ ಹಚ್ಚಿ ನೋಡಿದರು. ಎರಡೂ ಒಂದೇ ರುಚಿ ಅನ್ನಿಸಿತು. ಆದರೂ ತಲೆಯಾಡಿಸಿ ಬರೆದುಕೊಂಡರು. ಬೀಳಗಿ ಕಡೆ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಬಂದ ಹಿರಿಯರೊಬ್ಬರ ಎದುರು ಕುಳಿತು, ಆ ಸ್ಥಿತ್ಯಂತರವನ್ನು ತಾವು ಹೇಗೆ ಗ್ರಹಿಸಿದಿರಿ ಎಂದು ಕೇಳಿದರು. ಹಿರಿಯರು ಸ್ವಲ್ಪ ಹೊತ್ತು ಅವರ ಮುಖ ನೋಡಿ, “ನೀರ ಬಂತು, ಎದ್ದ ಬಂದಿವಿ” ಎಂದರು. ಆ ನಾಲ್ಕು ಶಬ್ದದ ಮೇಲೆ ಗಿರಿಮಲ್ಲಪ್ಪನವರು ಒಂಬತ್ತು ಪುಟ ಬರೆದಿದ್ದಾರೆ. ಪುಟಗಳು ಚೆನ್ನಾಗಿಯೇ ಇವೆ, ಆದರೆ ಹಿರಿಯರ ಮಾತಿಗಿಂತ ಚೆನ್ನಾಗಿಲ್ಲ.

ಇಷ್ಟೆಲ್ಲ ತಿರುಗಿದವರಿಗೆ ನಿಜವಾದ ಶೋಧ ಸಿಕ್ಕಿದ್ದು ಸ್ವಂತ ಮನೆಯಿಂದ ಹತ್ತು ನಿಮಿಷದ ಹಾದಿಯಲ್ಲಿ, ಬನಹಟ್ಟಿಯ ಕೆಳಗಿನ ಓಣಿಯಲ್ಲಿ.

ಆ ಓಣಿಯಲ್ಲಿ ಮೇಲೆ ಕಲ್ಲುಚಪ್ಪಡಿ ಹೊದಿಸಿದ ಒಂದು ಬಾವಿ ಇದೆ. ಅದಕ್ಕೆ ಊರಲ್ಲಿ ಇರುವ ಹೆಸರೇ ‘ಚನಮಲ್ಲಪ್ಪ ಕೆಡಿಸಿದ ಬಾವಿ’. ಯಾರಿಗೂ ಅದರಲ್ಲಿ ಸಿಟ್ಟಿಲ್ಲ. ಮದುವೆಯ ಕಾರ್ಡು ಹಂಚುವವರು, ಸಿಲಿಂಡರಿನವರು ಎಲ್ಲರೂ ಅದೇ ಗುರುತು ಹೇಳುತ್ತಾರೆ. ಚನಮಲ್ಲಪ್ಪ ನೂಲಿಗೆ ಬಣ್ಣ ಹಾಕುತ್ತಿದ್ದವರು, ತೀರಿಕೊಂಡು ಇಪ್ಪತ್ತು ವರ್ಷವಾಯಿತು. ಬಾವಿಯ ಪಕ್ಕ ಬಣ್ಣದ ಹಂಡೆ ಹೂಡಿ, ಬಣ್ಣದ ನೀರು ನೆಲಕ್ಕೆ ಬಿಟ್ಟು, ಓಣಿಯ ಸಿಹಿನೀರು ಕೆಡಿಸಿದರು ಎಂದು ತೊಂಬತ್ತೆಂಟರಲ್ಲಿ ಓಣಿಯ ಪಂಚರು ಕೂಡಿ ತೀರ್ಮಾನಿಸಿ, ತಮ್ಮ ವಹಿಪುಸ್ತಕದಲ್ಲಿ ಬರೆದು, ಬಾವಿ ಮುಚ್ಚಿಸಿದ್ದರು.

ಚನಮಲ್ಲಪ್ಪನವರ ಹೆಂಡತಿ ಸಾವಿತ್ರೆವ್ವನಿಗೆ ಈಗ ಎಪ್ಪತ್ತೆಂಟು. ಆರು ವರ್ಷಗಳ ಹಿಂದೆ ಹಳೆಯ ಬಣ್ಣಗಾರಿಕೆಯ ಬಗ್ಗೆ ಕೇಳಲು ಗಿರಿಮಲ್ಲಪ್ಪನವರು ಆಕೆಯ ಮನೆಗೆ ಹೋದಾಗ ಪಡಸಾಲೆಯ ಗೂಟಗಳಲ್ಲಿ ಹದಿನೆಂಟು ಹಗ್ಗ ತೂಗಾಡುತ್ತಿದ್ದವು. ಹಗ್ಗದ ಉದ್ದಕ್ಕೂ ಬೆರಳುದ್ದದ ಕೆಂಪು ನೂಲಿನ ಕುಚ್ಚುಗಳು.

“ಇವೇನು ಯವ್ವಾ?”

“ನೀರಿನ ನಮೂನಿ ರೀ,” ಎಂದಿದ್ದಳು ಸಾವಿತ್ರೆವ್ವ.

ಪದ್ಧತಿ ಹೀಗಿತ್ತು. ಬಣ್ಣಕ್ಕೆ ನೀರು ತಂದಾಗಲೆಲ್ಲ ಮೊದಲು ಒಂದು ಕುಚ್ಚು ನೂಲನ್ನು ಆ ನೀರಿನಲ್ಲಿ ಬರೀ ಕುಂಕುಮಗೆಂಪಿಗೆ ಅದ್ದಿ ನೋಡುವುದು, ಸೋಡಾ ಗೀಡಾ ಏನೂ ಹಾಕದೆ. ನೀರು ಸಿಹಿ ಇದ್ದರೆ ಕೆಂಪು ಏಳುತ್ತದೆ, ಸವಳಿದ್ದರೆ ಮಂಕಾಗುತ್ತದೆ. ಅದನ್ನು ನೋಡಿ ಮುಂದಿನ ಹದ. ಮೇಲಿನ ಬಾವಿಯ ನೀರಿಗೆ ಕುಚ್ಚಿನಲ್ಲಿ ಒಂದು ಗಂಟು, ಗುಡಿ ಬಾವಿಗೆ ಎರಡು, ಕೆಳಗಿನ ಓಣಿಯ ಬಾವಿಗೆ ಮೂರು. ದೀಪಾವಳಿಯ ಪಾಡ್ಯಕ್ಕೆ ಹೊಸ ಹಗ್ಗ. ಅಕ್ಷರ ಬಾರದ ಸಾವಿತ್ರೆವ್ವನ ಕೈಯಲ್ಲಿ ಹೀಗೆ ಎಂಬತ್ತೊಂದರಿಂದ ತೊಂಬತ್ತೆಂಟರವರೆಗಿನ ಮೂರು ಬಾವಿಗಳ ಚರಿತ್ರೆ ಕಟ್ಟಲ್ಪಟ್ಟಿತ್ತು.

ಗಿರಿಮಲ್ಲಪ್ಪನವರು ಅಲ್ಲೇ ನೆಲಕ್ಕೆ ಕುಳಿತು ಚೀಲದಿಂದ ನೋಟ್‌ಬುಕ್ಕು ತೆಗೆದರು. ಆರು ವರ್ಷ ಅವರು ಆ ಪಡಸಾಲೆಯಲ್ಲಿ ಕುಳಿತು ಕುಚ್ಚುಗಳನ್ನು ಎಣಿಸಿದರು, ಗಂಟುಗಳನ್ನು ಎಣಿಸಿದರು, ಪ್ರತಿ ಹಗ್ಗಕ್ಕೂ ವರ್ಷದ ಚೀಟಿ ಕಟ್ಟಿದರು. ಹಳೆಯ ನೂಲು ಎಲ್ಲವೂ ಮಾಸುತ್ತದೆ, ನಿಜ. ಆದರೆ ಒಂದೇ ವರ್ಷದ ಒಂದೇ ಹಗ್ಗದಲ್ಲಿ ಒಂದು ಗಂಟಿನ ಕುಚ್ಚು ಇನ್ನೂ ಕೆಂಪಿದ್ದು, ಮೂರು ಗಂಟಿನದು ಇಟ್ಟಿಗೆ ಪುಡಿಯ ಹಾಗೆ ಮಂಕಾಗಿತ್ತು. ಅದು ಶುರುವಾದದ್ದು ಎಂಬತ್ತೇಳರ ಹಗ್ಗದಿಂದ. ಓಣಿಯ ಮೇಲ್ಬದಿಯ ಹೊಲಗಳಿಗೆ ಕಾಲುವೆ ನೀರು ಬಂದು ಕಬ್ಬು ನಿಂತು ಆಗ ಮೂರು ವರ್ಷ. ಚನಮಲ್ಲಪ್ಪನವರು ತಮ್ಮ ಹಂಡೆಗಳನ್ನು ಆ ಬಾವಿಯ ಪಕ್ಕಕ್ಕೆ ತಂದದ್ದು ತೊಂಬತ್ಮೂರರಲ್ಲಿ.

ಅಂದರೆ ಅವರು ಬರುವುದಕ್ಕೆ ಆರು ವರ್ಷ ಮೊದಲೇ ಬಾವಿ ಕೆಟ್ಟಿತ್ತು. ಸವಳು ಮೇಲಿನ ಹೊಲಗಳಿಂದ ಇಳಿದು ಬಂದಿತ್ತು. ಕಬ್ಬಿನ ದುಡ್ಡು ಒಂದು ಕಡೆ ಹೋಗಿತ್ತು, ಕೆಟ್ಟ ಹೆಸರು ಇನ್ನೊಂದು ಕಡೆ ಬಂದಿತ್ತು.

ಇದನ್ನು ಅವರು ಯಾರಿಗೆ ಹೇಳಿದರು? ಬೆಂಗಳೂರಿನ ಒಂದು ವಿಚಾರ ಸಂಕಿರಣದಲ್ಲಿ ಹೇಳಿದರು, ಪುಣೆಯಲ್ಲಿ ಹೇಳಿದರು. ಸಾವಿತ್ರೆವ್ವನಿಗೆ ಮಾತ್ರ ಹೇಳಲಿಲ್ಲ. ಕಾರಣ ಕೆಟ್ಟದ್ದಲ್ಲ. ಪ್ರಬಂಧ ಒಪ್ಪಿಗೆಯಾಗಿ ಹೆಸರಿನ ಮುಂದೆ ‘ಡಾ.’ ಬಂದ ದಿನ, ಒಂದು ಪೆಟ್ಟಿಗೆ ಪೇಡೆ, ಒಂದು ಶಾಲು ತೆಗೆದುಕೊಂಡು ಹೋಗಿ, “ಯವ್ವಾ, ನಿಮ್ಮ ಯಜಮಾನರು ನಿರ್ದೋಷಿ” ಎಂದು ಹೇಳುವುದೆಂದು ಅವರು ಗೊತ್ತು ಮಾಡಿಕೊಂಡಿದ್ದರು. ಆಕೆ ಕಣ್ಣೊರೆಸಿಕೊಳ್ಳುವುದು, ತಾವು ಆಕೆಯ ಕೈ ಹಿಡಿದುಕೊಳ್ಳುವುದು, ಇಷ್ಟರವರೆಗೂ ಅವರ ಮನಸ್ಸಿನಲ್ಲಿ ತಯಾರಾಗಿತ್ತು.

ಫೆಬ್ರವರಿಯಲ್ಲಿ ವಿಶ್ವವಿದ್ಯಾಲಯದಿಂದ ಪತ್ರ ಬಂತು. ಪರೀಕ್ಷಕರಿಗೆ ಹಗ್ಗಗಳ ಅಧ್ಯಾಯ ಹಿಡಿಸಿದೆ, ಆದರೆ ಆಧಾರವನ್ನು ಕಣ್ಣಾರೆ ನೋಡಬೇಕು, ಕೆಲವು ಕುಚ್ಚುಗಳನ್ನು ಪ್ರಯೋಗಾಲಯಕ್ಕೆ ಕಳಿಸಬೇಕು, ಗುರುವಾರ ಬರುತ್ತೇವೆ ಎಂದಿತ್ತು. ಗಿರಿಮಲ್ಲಪ್ಪನವರು ಸೋಮವಾರವೇ ಸಾವಿತ್ರೆವ್ವನ ಮನೆಗೆ ಹೋದರು.

“ಯವ್ವಾ, ಗುರುವಾರ ದೊಡ್ಡ ಮಂದಿ ಬರಾಕತ್ತಾರ. ನಿಮ್ಮ ಹಗ್ಗ ನೋಡಾಕ.”

“ನಮ್ಮ ಹಗ್ಗ?”

“ಹೂಂ. ಛಲೋತ್ನಂಗ ತೋರಸೂಣು.”

“ಆತು ಮಾಸ್ತರ,” ಎಂದಳು ಸಾವಿತ್ರೆವ್ವ. ಪ್ರೊಫೆಸರ್ ಎಂದು ಕರೆಸಿಕೊಳ್ಳುವ ಪ್ರಯತ್ನವನ್ನು ಅವರು ಆ ಮನೆಯಲ್ಲಿ ಮೊದಲ ವರ್ಷವೇ ಕೈಬಿಟ್ಟಿದ್ದರು.

ಗುರುವಾರ ಬೆಳಿಗ್ಗೆ ಇಸ್ತ್ರಿ ಹಾಕಿದ ಜುಬ್ಬಾ ತೊಟ್ಟು, ಬರುವವರಿಗಿಂತ ಒಂದು ತಾಸು ಮೊದಲೇ ಅವರು ಓಣಿಗೆ ಬಂದರು. ಸಾವಿತ್ರೆವ್ವನ ಅಂಗಳದಲ್ಲಿ ಈ ಗೋಡೆಯಿಂದ ಆ ಗೋಡೆಗೆ ಹದಿನೆಂಟು ಹಗ್ಗಗಳೂ ಒಣಗುತ್ತಿದ್ದವು. ಸಾವಿರಕ್ಕೂ ಹೆಚ್ಚು ಕುಚ್ಚುಗಳು, ಎಲ್ಲವೂ ಒಂದೇ ಕೆಂಪು. ಆಗತಾನೇ ಹಚ್ಚಿದ ಕುಂಕುಮದ ಕೆಂಪು. ಕೆಲವು ಇನ್ನೂ ತೊಟ್ಟಿಕ್ಕುತ್ತಿದ್ದವು.

“ಬರ್ರಿ ಮಾಸ್ತರ. ನೋಡ್ರಿ, ಹೆಂಗ ಕಾಣಾಕತ್ತಾವು?”

ಗಿರಿಮಲ್ಲಪ್ಪನವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. “ಯವ್ವಾ, ಇದೇನ ಮಾಡೀರಿ?”

“ಏನಂದ್ರ? ಮಂಕ ಬಡದ ನಮೂನಿ ಯಾರರೆ ಮಂದಿ ಮುಂದ ಇಡತಾರೇನು? ಗಿರಾಕಿ ಬರತಾನಂದ್ರ ನಮೂನಿಗೆ ಮತ್ತೊಮ್ಮೆ ಬಣ್ಣ ತೋರಸಬೇಕು. ನಮ್ಮ ಅತ್ತಿ ಕಾಲದಿಂದ ಪದ್ಧತಿ ಐತಿ. ಎರಡ ದಿನ ಹಿಡೀತು ನೋಡ್ರಿ. ದಾನಮ್ಮನ ಬೆನ್ನ ಮುರದೈತಿ.”

“ಪೂರಾ ಮುರದಿಲ್ರೀ, ಇನ್ನೂ ಅರ್ಧ ಐತಿ,” ಎಂದಳು ಸೊಸೆ ದಾನಮ್ಮ ಒಳಗಿನಿಂದ. “ದೊಡ್ಡ ಮಂದಿಗೆ ಉಪ್ಪಿಟ್ಟ ಮಾಡಿಂದ ಅದನ್ನೂ ಮುರಕೋತೀನಿ.”

“ಎಲ್ಲಾನೂ ಅದ್ದೀರೇನು? ಹದಿನೆಂಟೂ?”

“ಒಂದ ಕುಚ್ಚ ಬಿಟ್ಟಿಲ್ಲ. ನಳದ ನೀರಾಗ ಹಾಕೇನಿ. ಬಣ್ಣ ಹೆಂಗ ಕುಂತೈತಿ ನೋಡ್ರಿ, ಸಮಾ ಐತಿಲ್ಲೋ?”

ಸಮ ಇತ್ತು. ಅಷ್ಟು ಸಮನಾದ ಬಣ್ಣವನ್ನು ಗಿರಿಮಲ್ಲಪ್ಪನವರು ಜನ್ಮದಲ್ಲಿ ನೋಡಿರಲಿಲ್ಲ.

“ನನ್ನ ಚೀಟಿ?” ಎಂದರು ಸಣ್ಣ ದನಿಯಲ್ಲಿ.

“ಎಲ್ಲಾ ಬಿಚ್ಚಿ ಡಬ್ಬ್ಯಾಗ ಇಟ್ಟೇನಿ. ಬರದಿದ್ದು ತೋಯಬಾರದಲ್ರಿ. ಅಷ್ಟರೆ ತಿಳೀತೈತಿ ನನಗ.”

ಅವರು ಹೊರಗೆ ಬಂದು, ಮುಚ್ಚಿದ ಬಾವಿಯ ಚಪ್ಪಡಿಯ ಮೇಲೆ ಕುಳಿತು, ಹೆಂಡತಿ ಉಜ್ವಲಾಗೆ ಫೋನು ಹಚ್ಚಿದರು. ಆಕೆ ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಒಂದು ಸಾಲಿನಲ್ಲಿ ಆಗುವ ಲೆಕ್ಕಕ್ಕೆ ಎರಡು ಸಾಲು ಬಳಸುವವಳಲ್ಲ.

“ಫೋಟೋ ಅದಾವಲ್ಲ?” ಎಂದಳು.

“ಟ್ಯೂಬ್‌ಲೈಟಿನ ಕೆಳಗ ತಗದಿದ್ದು. ನೀನ ಅಂದಿದ್ದೆಲ್ಲ, ಎಲ್ಲಾ ಟೊಮೆಟೊ ಚಟ್ನಿ ಕಂಡಂಗ ಕಾಣತಾವು ಅಂತ.”

“ಒಂದ ಕುಚ್ಚರೆ ಕತ್ತರಿಸಿ ಇಟ್ಟಿದ್ರೇನು?”

“ಆಧಾರಕ್ಕ ಧಕ್ಕೆ ಮಾಡಬಾರದು ಅಂತ...”

“ಆಕಿಗಿ ಒಂದ ಮಾತ ಹೇಳಿದ್ರೇನು, ಆ ಮಂಕ ಬಣ್ಣ ಯಾಕ ಬೇಕು ಅಂತ?”

ಗಿರಿಮಲ್ಲಪ್ಪನವರು ಚಪ್ಪಡಿಯ ಮೇಲಿನ ಧೂಳನ್ನು ಅಂಗೈಯಿಂದ ಒರೆಸಿದರು.

“ಆರು ವರ್ಷ ಆಕಿ ಮನ್ಯಾಗ ಚಾ ಕುಡದೀರಿ,” ಎಂದಳು ಉಜ್ವಲಾ. “ಈಗ ಆಕಿಗಿ ಏನರೆ ಅಂದ್ರ ಮನಿಗೆ ಬರಬ್ಯಾಡ್ರಿ.” ಫೋನು ಇಟ್ಟಳು.

ಕಾರು ಬಂತು. ಮೊದಲು ಇಳಿದವರು ಮಾರ್ಗದರ್ಶಕ ಡಾ. ಜ್ಞಾನೇಶ್ವರ. ವಯಸ್ಸಿನಲ್ಲಿ ಗಿರಿಮಲ್ಲಪ್ಪನವರಿಗಿಂತ ಹನ್ನೊಂದು ವರ್ಷ ಚಿಕ್ಕವರು, ಒಂದು ಕಾಲಕ್ಕೆ ಅವರ ನೋಟ್ಸು ಒಯ್ದು ಓದಿದವರು. ಈಗ ಕಾರಿನ ಬಾಗಿಲು ತಾವೇ ತೆಗೆಯುವುದನ್ನು ಬಿಟ್ಟಿದ್ದರು. ಹಿಂದಿನಿಂದ ಇಳಿದವಳು ಪರೀಕ್ಷಕಿ ಅಕ್ಷತಾ, ಮಣ್ಣಿನ ವಿಜ್ಞಾನ ಓದಿದ ನಲವತ್ತರೊಳಗಿನ ಹೆಂಗಸು. ನಮಸ್ಕಾರ ಮಾಡಿದವಳೇ ಮಾತಾಡದೆ ಬಾವಿಯ ಸುತ್ತ ಒಂದು ಸುತ್ತು ಬಂದಳು.

ಅಷ್ಟರಲ್ಲಿ ಗಿರಿಮಲ್ಲಪ್ಪನವರು ಜ್ಞಾನೇಶ್ವರರನ್ನು ಪಕ್ಕಕ್ಕೆ ಕರೆದು ಆದದ್ದನ್ನು ಹೇಳಿದರು. ಜ್ಞಾನೇಶ್ವರ ಒಂದು ಕ್ಷಣ ಆಕಾಶ ನೋಡಿದರು.

“ಸರ್, ಸುಮ್ನಿರ್ರಿ,” ಎಂದು ಪಿಸುಗುಟ್ಟಿದರು. “ಇವ ಮೂಲ ಹಗ್ಗ ಅಂದ್ಬಿಡ್ರಿ. ಭಾಳ ಜ್ವಾಕಿಯಿಂದ ಇಟ್ಟಾರ, ಬಣ್ಣ ಹೋಗಿಲ್ಲ ಅನ್ನೋಣು. ಮಂಕ ಅನ್ನೋದು ಬರಿಗಣ್ಣಿಗೆ ಕಾಣಂಗಿಲ್ಲ ಅಂದ್ರಾತು. ಲ್ಯಾಬಿನ ಮಾತ ನಾ ನೋಡ್ಕೋತೇನಿ. ನಿಮ್ಮ ರಿಟೈರ್‌ಮೆಂಟ್‌ಗೆ ಮೂರ ವರ್ಷ ಉಳದೈತಿ. ಇದು ಹೋತಂದ್ರ ಮುಗೀತು.”

ಅಂಗಳದಲ್ಲಿ ಚಾಪೆ ಹಾಸಿತ್ತು. ಸಾವಿತ್ರೆವ್ವ ಇಳಕಲ್ ಸೀರೆ ಉಟ್ಟು, ತಲೆ ತುಂಬ ಸೆರಗು ಹೊದ್ದು, ಹಗ್ಗಗಳ ಕೆಳಗೆ ಕುಳಿತಿದ್ದಳು. ಮದುವೆಯ ಮನೆಯಲ್ಲಿ ಹೆಣ್ಣಿನ ತಾಯಿ ಕೂತ ಹಾಗೆ, ಎದ್ದು ಓಡಾಡಬೇಕೆನ್ನಿಸಿದರೂ ತಡೆದುಕೊಂಡು. ಅಕ್ಷತಾ ಹಗ್ಗದಿಂದ ಹಗ್ಗಕ್ಕೆ ನಡೆದು ನೋಡಿದಳು. ಒಂದು ಕುಚ್ಚು ಮುಟ್ಟಿದಳು. ಬೆರಳ ತುದಿ ಕೆಂಪಾಯಿತು. ಬೆರಳನ್ನು ಒಮ್ಮೆ ನೋಡಿಕೊಂಡು, ಗಿರಿಮಲ್ಲಪ್ಪನವರ ಕಡೆ ತಿರುಗಿದಳು.

“ಸರ್, ಎಂಬತ್ತೇಳರ ಹಗ್ಗ ಯಾವುದು?”

ಜ್ಞಾನೇಶ್ವರ ಕೆಮ್ಮಿದರು. ಗಿರಿಮಲ್ಲಪ್ಪನವರು ಆರು ವರ್ಷ ಈ ಪ್ರಶ್ನೆಗಾಗಿ ಕಾದಿದ್ದವರು. ಉತ್ತರ ಇಂಗ್ಲಿಷಿನಲ್ಲೂ ಬಾಯಿಪಾಠವಾಗಿತ್ತು. ಇಂಗ್ಲಿಷಿನಲ್ಲಿ ನಿಜ ಹೇಳಿದರೆ ಅಕ್ಷತಾಗೆ ತಿಳಿಯುತ್ತದೆ, ಸಾವಿತ್ರೆವ್ವನಿಗೆ ತಿಳಿಯುವುದಿಲ್ಲ, ಎಂಬ ಯೋಚನೆಯೂ ಬಂದುಹೋಯಿತು. ಆದರೆ ಆಕೆ ಕತ್ತೆತ್ತಿ ಅವರ ಬಾಯನ್ನೇ ನೋಡುತ್ತಿದ್ದಳು.

“ಮೇಡಮ್, ಹಗ್ಗ ಅವ ಅದಾವು, ಬಣ್ಣ ನಿನ್ನೇದು,” ಎಂದರು ಕನ್ನಡದಲ್ಲೇ. “ನೀವು ಬರ್ತೀರಂತ ಎಲ್ಲಾನೂ ಹೊಸದಾಗಿ ಅದ್ದಿ ಇಟ್ಟಾರ. ನಾ ಬರದದ್ದು ಈಗ ಇದರಾಗ ಇಲ್ಲ. ತಪ್ಪು ಇವರದಲ್ಲ, ನಂದು. ನಾ ಏನ ಹುಡುಕಾಕತ್ತೇನಿ ಅಂತ ಇವರಿಗೆ ಒಂದ ದಿನಾನೂ ಹೇಳಲಿಲ್ಲ.”

ಆಮೇಲೆ, ಹೇಳಲೇಬೇಕಾದ್ದರಿಂದ, ಚಾಪೆಯ ಮೇಲೆ ಸಾವಿತ್ರೆವ್ವನ ಎದುರು ಕುಳಿತರು. ಪೇಡೆಯೂ ಇರಲಿಲ್ಲ, ಶಾಲೂ ಇರಲಿಲ್ಲ.

“ಯವ್ವಾ, ಆ ಬಾವಿ ನಿಮ್ಮ ಯಜಮಾನರು ಕೆಡಿಸಿದ್ದಲ್ಲ. ಅವರು ಅಲ್ಲಿಗೆ ಹೋಗೂದಕ್ಕ ಆರು ವರ್ಷ ಮೊದಲ ಕೆಟ್ಟಿತ್ತು. ಮೂರು ಗಂಟಿನ ಕುಚ್ಚು ಮಂಕಾಗಿದ್ದು ಅದಕ್ಕ. ಅದನ್ನ ತೋರಸಾಕ ನಾ...”

ಸಾವಿತ್ರೆವ್ವ ಅವರನ್ನು ನೋಡಿದಳು. ಅಳಲಿಲ್ಲ, ಎದೆ ಮುಟ್ಟಿಕೊಳ್ಳಲಿಲ್ಲ.

“ಅದು ನನಗ ಗೊತ್ತಿಲ್ಲೇನು, ಮಾಸ್ತರ?” ಎಂದಳು.

ಒಳಗೆ ಒಗ್ಗರಣೆಯ ಸದ್ದು ಕೇಳಿತು.

“ಅವರು ಬಾವಿ ಕಡೆ ಹಂಡೆ ಒಯ್ಯಾಗ ನೀರು ಆಗಲೇ ಸವಳಾಗಿತ್ತು. ಎಲ್ಲಾ ನೀರಿಗೆ ಒಂದ ಬೊಗಸಿ ಸೋಡಾ ಹಾಕಿದ್ರ ಅದಕ್ಕ ಎರಡ ಹಾಕತಿದ್ದೆ. ಹಾಕಾಕಿ ನಾನ, ನನಗ ಗೊತ್ತಿರೂದಿಲ್ಲೇನು? ನೀರ ಹೊತ್ತ ಹೊತ್ತ ಅವರ ಹೆಗಲ ಹೋಗಿತ್ತು, ಅದಕ್ಕ ಹಂಡೆ ಬಾವಿ ಕಡೆ ಒಯ್ದ್ರು. ಪಂಚರು ಕೂಡಿದಾಗ ಹೆಂಗಸರನ್ನ ಯಾರ ಕೇಳತಾರ?”

“ಮತ್ತ ನನಗ ಯಾಕ ಹೇಳಲಿಲ್ಲ ಯವ್ವಾ?”

“ನೀವು ಕೇಳಿದ್ರೇನು? ಹಗ್ಗ ಎಷ್ಟ ಉದ್ದ ಅಂದ್ರಿ, ಕುಚ್ಚ ಎಷ್ಟ ಅಂದ್ರಿ, ಗಂಟ ಎಡಕ್ಕೋ ಬಲಕ್ಕೋ ಅಂದ್ರಿ. ಬಾವಿ ಯಾರ ಕೆಡಸ್ಯಾರ ಅಂತ ಆರು ವರ್ಷದಾಗ ಒಮ್ಮೆ ಕೇಳಿಲ್ಲ. ಊರ ಮಾತ ನಿಮಗೂ ಗೊತ್ತಿರತೈತಿ, ಕೇಳಿ ನನ್ನ ಮನಸ್ಸ ನೋಯಸಬಾರದಂತ ಸುಮ್ಮನಿದ್ದೀರಿ ಅನ್ಕೊಂಡೆ. ಒಳ್ಳೇ ಮನಶಾ ಅನ್ಕೊಂಡೆ.”

ಗಿರಿಮಲ್ಲಪ್ಪನವರು ತಲೆ ತಗ್ಗಿಸಿದರು. ಒಳ್ಳೆಯ ಮನುಷ್ಯ ಎಂಬ ಮಾತು ಅಷ್ಟು ಭಾರವಾಗಿ ಅವರ ಮೇಲೆ ಎಂದೂ ಬಿದ್ದಿರಲಿಲ್ಲ.

“ಅಜ್ಜಿ, ಮತ್ತೆ ಮಂಕು ಬಣ್ಣದ ಮೇಲೆ ಹೊಸ ಬಣ್ಣ ಯಾಕೆ ಹಾಕಿದಿರಿ?” ಎಂದು ಅಕ್ಷತಾ ಮೆತ್ತಗೆ ಕೇಳಿದಳು.

“ಅದನ್ನ ನೋಡಿ ನೀವು ಏನಂತಿದ್ರಿ ತಂಗಿ? ಇವರ ಯಜಮಾನನ ಕೈ ಇಷ್ಟ ಅಂತಿದ್ರಿ. ಅವರ ಕೆಂಪ ಮಂಕ ಇರಲಿಲ್ಲವಾ. ನೀರು ಮಂಕಿತ್ತು. ಅವರು ಹಾಕಬೇಕಂದಿದ್ದ ಕೆಂಪ ಇದು,” ಎಂದು ಸಾವಿತ್ರೆವ್ವ ತಲೆಯ ಮೇಲಿನ ಹಗ್ಗಗಳನ್ನು ತೋರಿಸಿದಳು. “ಇಷ್ಟ ದೂರಿಂದ ಬರಾಕತ್ತೀರಿ, ಅವರ ಹೆಸರಿಗೆ ಇದನ್ನ ನೋಡಿ ಹೋಗಲಿ ಅಂತ ಹಾಕೇನಿ.”

ಅಕ್ಷತಾ ಚಪ್ಪಲಿ ಬಿಟ್ಟು ಬಂದು ಚಾಪೆಯ ಮೇಲೆ ಕುಳಿತಳು. ಚೀಲದಿಂದ ನೋಟ್‌ಬುಕ್ಕು ತೆಗೆದಳು, ಸ್ವಲ್ಪ ಯೋಚಿಸಿ ಅದನ್ನು ಗಿರಿಮಲ್ಲಪ್ಪನವರ ಕೈಗೆ ಕೊಟ್ಟಳು. “ನೀವು ಬರೀರಿ ಸರ್. ನಾನು ಕೇಳ್ತೀನಿ.”

ಅವತ್ತು ಸಾವಿತ್ರೆವ್ವ ಮೂರು ತಾಸು ಮಾತಾಡಿದಳು. ಯಾವ ಮಳೆಗಾಲದಲ್ಲಿ ಗುಡಿ ಬಾವಿ ಏರಿತು, ಯಾವ ಬಾಣಂತಿ ಕೆಳಗಿನ ಬಾವಿಯ ನೀರಲ್ಲಿ ಬೇಳೆ ಬೇಯುವುದಿಲ್ಲ ಎಂದು ಮೊದಲು ಕೊಡ ತಿರುಗಿಸಿಕೊಂಡು ಹೋದಳು, ಯಾವ ವರ್ಷ ಬಾವಿಯ ಕಲ್ಲಿನ ಮೇಲೆ ಬಿಳಿಯ ಗೆರೆ ಕಂಡಿತು, ಎಲ್ಲವೂ ಬಂತು. ಜ್ಞಾನೇಶ್ವರ ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡರು, ಮೂರನೆಯ ಸಲ ಗಡಿಯಾರ ನೋಡಿಕೊಂಡರು. ಹೊರಡುವಾಗ ಅಕ್ಷತಾ ಕಾರಿನ ಬಳಿ ನಿಂತು ಹೇಳಿದಳು, “ಹಗ್ಗದ ಅಧ್ಯಾಯ ಹೀಗೇ ಒಪ್ಪೋದಕ್ಕೆ ಆಗೋದಿಲ್ಲ ಸರ್. ಇವರು ಹೇಳಿದ್ದನ್ನ ಇಟ್ಟುಕೊಂಡು ಮತ್ತೆ ಬರೀರಿ. ಮೇಲಿನ ಹೊಲಗಳ ಮಣ್ಣು ನಾನು ಪರೀಕ್ಷೆ ಮಾಡಿಸಿಕೊಡ್ತೀನಿ. ಒಂದು ವರ್ಷ ಹಿಡಿಯುತ್ತೆ.”

ಹದಿನಾಲ್ಕಕ್ಕೆ ಒಂದು ಸೇರಿದರೆ ಹದಿನೈದು. ಉಜ್ವಲಾ ಲೆಕ್ಕ ಒಪ್ಪಿದಳು.

ಗಿರಿಮಲ್ಲಪ್ಪನವರು ಬರೆದರು. ಈ ಸಲ ಬರೆದದ್ದನ್ನು ವಾರಕ್ಕೊಮ್ಮೆ ಸಾವಿತ್ರೆವ್ವನ ಪಡಸಾಲೆಯಲ್ಲಿ ಓದಿ ಹೇಳುವುದೆಂದು ಗೊತ್ತಾಯಿತು. ಮೊದಲ ದಿನ ಮೊದಲ ಸಾಲು ಓದಿದರು: “ಓರ್ವ ಅನಕ್ಷರಸ್ಥ ಮಹಿಳೆಯ ಮೌಖಿಕ ಕಥನದ ಹಿನ್ನೆಲೆಯಲ್ಲಿ...”

“ಯಾರಾಕಿ?” ಎಂದಳು ಸಾವಿತ್ರೆವ್ವ.

“ನೀವ, ಯವ್ವಾ.”

“ನನಗ ಹೆಸರಿಲ್ಲೇನು?”

ಅವರು ಹೊಡೆದು ಹಾಕಿ ಹೆಸರು ಬರೆದರು. ಹೀಗೆ ಹೊಡೆಯುತ್ತ ಹೊಡೆಯುತ್ತ ನಲವತ್ತು ಪುಟದ ಅಧ್ಯಾಯ ಹದಿನೇಳಕ್ಕೆ ಇಳಿಯಿತು. ಹಿಂದೆಂದೂ ಅವರು ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಮುಗಿದ ದಿನ ಸಾವಿತ್ರೆವ್ವ ಎಲೆಅಡಿಕೆ ಮಡಿಸುತ್ತ ಕೇಳಿದಳು:

“ಇದನ್ನ ಯಾರ ಓದತಾರ?”

ಸುಳ್ಳು ಹೇಳಬಹುದಿತ್ತು. ಅವರು ಮನಸ್ಸಿನಲ್ಲೇ ಎಣಿಸಿದರು. ಅಕ್ಷತಾ, ಇನ್ನೊಬ್ಬ ಪರೀಕ್ಷಕರು, ಕಾರಿನಲ್ಲಿ ಹೋಗುವಾಗ ಜ್ಞಾನೇಶ್ವರ, ಬೇಸರವಾದಾಗ ಉಜ್ವಲಾ.

“ನಾಕ ಮಂದಿ.”

“ಹಂಗಾರ ಓಣ್ಯಾಗ ಓದ್ರಿ,” ಎಂದಳು ಆಕೆ. “ಹೆಸರು ಕೆಟ್ಟದ್ದು ಓಣ್ಯಾಗ. ಧಾರವಾಡದಾಗ ಓದಿದ್ರ ಅದು ಹೆಂಗ ಹೋಗತೈತಿ?”

ಕೆಳಗಿನ ಓಣಿಯಲ್ಲಿ ಓದುವುದು ಸುಲಭವಲ್ಲ. ಮನೆಮನೆಗೂ ಪವರ್‌ಲೂಮು, ಬೆಳಗಿನಿಂದ ಸಂಜೆಯವರೆಗೆ ಕಟಕಟ ಸದ್ದು. ಪಕ್ಕದವರ ಮಾತು ಕೇಳಬೇಕಾದರೆ ಕರೆಂಟು ಹೋಗಬೇಕು. ಆ ತಿಂಗಳು ಮಂಗಳವಾರ ಮಧ್ಯಾಹ್ನ ಎರಡರಿಂದ ಮೂರರವರೆಗೆ ತಂತಿ ದುರಸ್ತಿಗೆಂದು ಕರೆಂಟು ತೆಗೆಯುತ್ತಿದ್ದರು. 

ಅಂಥ ಒಂದು ಮಂಗಳವಾರ ಎರಡಕ್ಕೆ ಸರಿಯಾಗಿ ಮಗ್ಗಗಳು ನಿಂತವು. ಜನ ಬೆವರೊರೆಸುತ್ತ ಹೊರಗೆ ಬಂದು ಕಟ್ಟೆಗಳ ಮೇಲೆ ಕುಳಿತರು. ಗಿರಿಮಲ್ಲಪ್ಪನವರು ಬಾವಿಯ ಚಪ್ಪಡಿಯ ಪಕ್ಕ ನಿಂತು ಕನ್ನಡಕ ಏರಿಸಿ, ಪರಿಸರ ಇತಿಹಾಸ ಎಂಬ ಜ್ಞಾನಶಿಸ್ತು ಹುಟ್ಟಿದ ಬಗೆಯನ್ನು ಹೇಳತೊಡಗಿದರು. ಹತ್ತು ನಿಮಿಷವಾಯಿತು. ಇಬ್ಬರು ಆಕಳಿಸಿದರು. ಅರ್ಧ ತಾಸಾಯಿತು.

“ಮಾಸ್ತರ, ಮುನ್ನುಡಿ ಬಿಡ್ರಿ,” ಎಂದಳು ಕಟ್ಟೆಯ ಮೇಲಿನಿಂದ ಸಾವಿತ್ರೆವ್ವ. “ಕರೆಂಟ ಬರತೈತಿ.”

ಎಲ್ಲರೂ ನಕ್ಕರು. ಅವರೂ ನಕ್ಕು, ಹದಿನೈದು ಪುಟ ಒಟ್ಟಿಗೆ ಮಗುಚಿ, ಕೊನೆಯ ಎರಡು ಪುಟ ಓದಿದರು. ಅದರಲ್ಲಿ ಮಾತು ನೇರವಾಗಿತ್ತು. ನೀರು ಮೊದಲು ಕೆಟ್ಟಿತು, ಚನಮಲ್ಲಪ್ಪ ಆಮೇಲೆ ಬಂದರು. ಸವಳು ಮೇಲಿನ ಹೊಲಗಳಿಂದ ಇಳಿಯಿತು. ಯಾವ ವರ್ಷ ಏನು ಕಂಡಿತೆಂದು ಸಾವಿತ್ರೆವ್ವ ಹೇಳಿದ್ದು, ಮೇಲಿನ ಮಣ್ಣಿನಲ್ಲಿ ಎಷ್ಟು ಉಪ್ಪಿದೆಯೆಂದು ಅಕ್ಷತಾ ಕಳಿಸಿದ್ದು, ಎರಡೂ ಇದ್ದವು. ಹಗ್ಗಗಳ ಸಂಗತಿಯನ್ನೂ ಬಿಡಲಿಲ್ಲ: “ಈ ಆಧಾರ ಇಂದು ಉಳಿದಿಲ್ಲ. ಅದರ ಬೆಲೆ ಏನೆಂದು ಅದನ್ನು ಕಟ್ಟಿದವರಿಗೆ ನಾನು ಹೇಳದೆ ಹೋದದ್ದು ಇದಕ್ಕೆ ಕಾರಣ.”

ಬೇಳೆ ಬೇಯದ ಮಾತು ಬಂದಾಗ ಇಬ್ಬರು ಮುದುಕಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆಯಾಡಿಸಿದ್ದರು. ಎದುರು ಮನೆಯ ಭೀಮಪ್ಪ ಎದ್ದು ನಿಂತರು. ಎಪ್ಪತ್ತರ ಹಿರಿಯರು. ತೊಂಬತ್ತೆಂಟರಲ್ಲಿ ಪಂಚರ ವಹಿ ಬರೆದದ್ದು ಅವರ ತಂದೆ.

“ಅಂದ್ರ ನಮ್ಮಪ್ಪ ಸುಳ್ಳ ಬರದಾನಂತೀರೇನು?”

ಗಿರಿಮಲ್ಲಪ್ಪನವರು ಬಾಯಿ ತೆರೆದರು. ಆಧಾರ, ದೃಷ್ಟಿಕೋನ, ಅಂದಿನ ಸಂದರ್ಭ ಎಂಬ ಮೂರು ಶಬ್ದಗಳು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು.

“ಸುಳ್ಳಲ್ಲೋ ಭೀಮಪ್ಪಾ,” ಎಂದಳು ಸಾವಿತ್ರೆವ್ವ. “ನಿಮ್ಮಪ್ಪಗ ಗೊತ್ತಿರಲಿಲ್ಲ. ಬಾವಿ ಪಕ್ಕ ಕೆಂಪ ನೀರ ಹರಿಯೂದು ಎಲ್ಲಾರಿಗೂ ಕಾಣತಿತ್ತು. ಹೊಲದಾಗ ನೆಲದ ಕೆಳಗ ಹರಿಯೂದು ಯಾರಿಗೆ ಕಾಣತೈತಿ? ಕಂಡಿದ್ದ ಬರದಾನ. ಬರಿಯಾಗ ಕಣ್ಣಾಗ ನೀರ ತಂದಿದ್ದ, ನಾ ನೋಡೇನಿ.”

ಭೀಮಪ್ಪ ನಿಂತೇ ಇದ್ದರು. ಹೆಗಲ ಮೇಲಿನ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು, ಮತ್ತೆ ಹೆಗಲಿಗೆ ಹಾಕಿಕೊಂಡರು.

“ವಹಿ ನಮ್ಮ ಮನ್ಯಾಗ ಐತಿ,” ಎಂದರು ಕೊನೆಗೆ. “ತರ್ತೇನಿ. ಅದರಾಗ ಬರದ್ರ ಬರದಂಗ ಆಗತೈತಿ.”

ಅವರು ಒಳಗೆ ಹೋದರು. ಪೆಟ್ಟಿಗೆ ತೆಗೆಯುವ ಸದ್ದು, ಏನನ್ನೋ ಎಳೆಯುವ ಸದ್ದು ಕೇಳಿತು. ಅಷ್ಟರಲ್ಲಿ ಕರೆಂಟು ಬಂತು. ಓಣಿಯ ಮಗ್ಗಗಳೆಲ್ಲ ಒಂದರ ಹಿಂದೊಂದು ಎದ್ದವು, ಜನ ಟವೆಲ್ಲು ಕೊಡವಿ ಒಳಗೆ ಓಡಿದರು. ಕಟ್ಟೆಯ ಮೇಲೆ ಸಾವಿತ್ರೆವ್ವ, ಪಕ್ಕದಲ್ಲಿ ಗಿರಿಮಲ್ಲಪ್ಪನವರು, ಇಬ್ಬರೇ ಉಳಿದರು. ಇನ್ನು ಏನು ಹೇಳಿದರೂ ಕೇಳಿಸುವಂತಿರಲಿಲ್ಲ.

ಭೀಮಪ್ಪ ಕೆಂಪು ಬಟ್ಟೆ ಸುತ್ತಿದ ವಹಿ ತಂದು ಚಪ್ಪಡಿಯ ಮೇಲೆ ಬಿಚ್ಚಿದರು. ಪುಟ ಹುಡುಕಿ, ತಂದೆಯ ಕೈಬರಹದ ಕೆಳಗೆ ಖಾಲಿ ಉಳಿದ ನಾಲ್ಕು ಬೆರಳು ಜಾಗ ತೋರಿಸಿದರು. ಗಿರಿಮಲ್ಲಪ್ಪನವರು ಪೆನ್ನು ತೆಗೆದರು. ಅಡಿಟಿಪ್ಪಣಿಗೆ ಜಾಗವಿರಲಿಲ್ಲ. ತಾರೀಖು ಹಾಕಿ, ‘ಈ ಬಾವಿಯ ನೀರು ಕೆಡಿಸಿದವರು’ ಎಂದು ಶುರುಮಾಡಿ, ತಮ್ಮ ರೂಢಿಯ ಹಾಗೆ ಮುಂದಿನ ಶಬ್ದಕ್ಕಾಗಿ ತಡೆದರು.

ಸಾವಿತ್ರೆವ್ವ ವಹಿಯ ಅಂಚು ಹಾರದಂತೆ ಅಂಗೈಯಿಂದ ಒತ್ತಿ ಹಿಡಿದಿದ್ದಳು. ಅವರು ಯಾರ ಹೆಸರು ಬರೆಯುತ್ತಾರೋ ಆಕೆಗೆ ತಿಳಿಯುವಂತಿರಲಿಲ್ಲ. ಓದಲು ಬಾರದು, ಕೇಳಿದರೆ ಮಗ್ಗದ ಸದ್ದಿನಲ್ಲಿ ಕೇಳದು. ಮದುವೆಯಾಗಿ ಅರವತ್ತು ವರ್ಷದಲ್ಲಿ ಆಕೆ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ. ಅಂಥ ಹಳೆಯ ಮನೆತನಗಳ ಹೆಂಗಸರು ಹೇಳುವುದಿಲ್ಲ. ಆಕೆ ಬಾಗಿ, ಗಿರಿಮಲ್ಲಪ್ಪನವರ ಕಿವಿಯ ಹತ್ತಿರ ಬಾಯಿ ತಂದು, ಅದನ್ನು ಪೂರ್ತಿ ಹೇಳಿದಳು. ಗಂಡನ ಹೆಸರು, ಮಾವನ ಹೆಸರು, ಮನೆತನದ ಹೆಸರು.

ಹೇಳಿದ ಹಾಗೆಯೇ ಅವರು ಬರೆದರು, ಆಮೇಲೆ ‘ಅಲ್ಲ’ ಎಂದು ಸೇರಿಸಿದರು.